ಸಿಯೆರಾ ಪರ್ವತದ ಪರಿತ್ಯಕ್ತ ಸುರಂಗ

‘ಸುರಂಗ’ ಎಂಬ ಶಬ್ದವು ಗ್ರೀಕ್ ನುಡಿಯಿಂದ ಸಂಸ್ಕೃತಕ್ಕೆ ಬಂದು, ಅಲ್ಲಿಂದ ಕನ್ನಡದಲ್ಲಿ ನೆಲೆಸಿತೆಂಬುದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಶಬ್ದವೇ ಇಷ್ಟು ದೂರ ಸಂಚರಿಸಿರುವಾಗ, ಕಡಲಾಚೆಯ ಸುರಂಗವೊಂದರ ವೃತ್ತಾಂತವನ್ನು ವಾಚಕರ ಮುಂದಿಡುವುದು ಅನುಚಿತವೆನಿಸದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ನೆವಾಡ ಎಂಬ ಪರ್ವತಶ್ರೇಣಿಯಿದೆ. ಅದರ ಡಾನರ್ ಘಟ್ಟದಲ್ಲಿ, ಸುಮಾರು 7,000 ಅಡಿ ಎತ್ತರದಲ್ಲಿ, 1,659 ಅಡಿ ಉದ್ದದ ರೈಲು ಸುರಂಗವೊಂದು ಬರಿದಾಗಿ ನಿಂತಿದೆ. ಪೂರ್ವದ ರೈಲುಮಾರ್ಗಗಳಿಗೆ ಕ್ಯಾಲಿಫೋರ್ನಿಯಾವನ್ನು ಜೋಡಿಸಲು ಸೆಂಟ್ರಲ್ ಪೆಸಿಫಿಕ್ ಸಂಸ್ಥೆಯು 1866–67ರಲ್ಲಿ ಇದನ್ನು ಕೊರೆಯಿಸಿತು. ಕೊರೆದವರಲ್ಲಿ ಬಹುಪಾಲು ಚೀನಾ ದೇಶದಿಂದ ಬಂದ ಕೂಲಿಕಾರರು.

ಅಲ್ಲಿಯದು ಕಠಿಣವಾದ ಕಣಶಿಲೆ. ಒಬ್ಬನು ಉಕ್ಕಿನ ಸಲಾಕೆಯನ್ನು ಹಿಡಿದು ತಿರುಗಿಸುತ್ತಿರಲು, ಉಳಿದವರು ಸುತ್ತಿಗೆಯಿಂದ ಬಡಿದು ರಂಧ್ರ ಮಾಡುವರು. ಅದರಲ್ಲಿ ಕರಿಮದ್ದು ತುಂಬಿ ಸಿಡಿಸುವರು. ಹಗಲಿರುಳು ದುಡಿದರೂ ದಿನಕ್ಕೆ ಒಂದಡಿಯಷ್ಟು ಮುಂದುವರಿದರೆ ಹೆಚ್ಚು. ಆದುದರಿಂದ ಬೆಟ್ಟದ ಮೇಲಿನಿಂದ ನಡುಭಾಗಕ್ಕೆ ಬಾವಿಯೊಂದನ್ನು ಇಳಿಸಿ, ಎರಡು ತುದಿಗಳಿಂದಲೂ ನಡುವಿನಿಂದ ಇಕ್ಕೆಲಗಳಿಗೂ, ಹೀಗೆ ನಾಲ್ಕು ಮುಖಗಳಲ್ಲಿ ಏಕಕಾಲಕ್ಕೆ ಕೊರೆದರು. ನೈಟ್ರೋಗ್ಲಿಸರಿನ್ ಎಂಬ ಉಗ್ರ ಸ್ಫೋಟಕವನ್ನು ಸಾಗಿಸುವುದು ಅಪಾಯವೆಂದು ಸ್ಥಳದಲ್ಲಿಯೇ ತಯಾರಿಸಿ ಬಳಸಿದರು. ಚಳಿಗಾಲದಲ್ಲಿ ಹಿಮದಡಿ ದಾರಿ ತೋಡಿಕೊಂಡು ಕೆಲಸಕ್ಕೆ ಹೋಗಬೇಕಾಗಿತ್ತು. ಹಿಮಪಾತದಲ್ಲಿ ಹೂತುಹೋದವರೂ ಉಂಟು.

1867ರ ಜೂನ್ ತಿಂಗಳಲ್ಲಿ ಸಹಸ್ರಾರು ಚೀನೀಯರು ಹೆಚ್ಚಿನ ಕೂಲಿಯನ್ನೂ ಕಡಿಮೆ ದುಡಿಮೆಯ ವೇಳೆಯನ್ನೂ ಕೇಳಿ ಕೆಲಸ ನಿಲ್ಲಿಸಿದರು. ಸಂಸ್ಥೆಯು ಅವರಿಗೆ ಆಹಾರ ಸರಬರಾಜನ್ನೇ ತಡೆದುಬಿಟ್ಟಿತು! ಮುಷ್ಕರವು ವಾರದೊಳಗೆ ಮುರಿದುಬಿದ್ದಿತು. ಆಗಸ್ಟಿನಲ್ಲಿ ಸುರಂಗದ ಮುಖಗಳು ಕೂಡಿದವು.

ಮಾರ್ಗದ ಒಡೆಯರ ಹೆಸರುಗಳು ಚರಿತ್ರೆಯಲ್ಲಿ ರಾರಾಜಿಸುತ್ತವೆ. ಕೂಲಿಕಾರರದಾದರೋ, ಸಂಬಳದ ಪಟ್ಟಿಗಳಲ್ಲಿ ಬಹುಮಟ್ಟಿಗೆ ತಂಡದ ಮೇಸ್ತ್ರಿಯ ಹೆಸರು ಮಾತ್ರ, ಇನ್ನುಳಿದವರು ತಲೆಯೆಣಿಕೆ. ಅವರು ಊರಿಗೆ ಬರೆದ ಕಾಗದವೊಂದನ್ನು ವಿದ್ವಾಂಸರು ಎಷ್ಟು ಅರಸಿದರೂ ದೊರೆತಿಲ್ಲ. ಶಾಸನಗಳನ್ನು ಓದಿ ಅಭ್ಯಾಸವಿರುವ ನನ್ನಂಥವನಿಗೆ, ಆ ಬಂಡೆಯಲ್ಲಿ ಇಂದಿಗೂ ಕಾಣುವ ಅರ್ಧಕೊಳವೆಯಾಕಾರದ ಸಲಾಕೆಯ ಗೆರೆಗಳೇ ಅವರ ಅಕ್ಷರಗಳೆನಿಸುತ್ತವೆ.

1993ರಲ್ಲಿ ರೈಲುಗಳನ್ನು 1925ರ ಇನ್ನೊಂದು ಸುರಂಗದ ಮೂಲಕ ತಿರುಗಿಸಿ, ಇಲ್ಲಿನ ಹಳಿಗಳನ್ನು ಕಿತ್ತುಹಾಕಿದರು. ಅಂದಿನಿಂದ ದೀಪ ಹಿಡಿದ ಕುತೂಹಲಿಗಳು ಬಂದುಹೋಗುತ್ತಿದ್ದಾರೆ. ಅವರಲ್ಲಿ ಹಲವರು ಆ ಗೆರೆಗಳ ಮೇಲೆಯೇ ಬಣ್ಣ ಸಿಂಪಡಿಸಿ ತಮ್ಮ ಹೆಸರುಗಳನ್ನು ಬರೆದಿರುವುದು ಖೇದಕರ. ಸಮೀಪದಲ್ಲಿಯೇ, ಅದೇ ಕೂಲಿಕಾರರು ಕಟ್ಟಿದ ‘ಚೀನಾ ಗೋಡೆ’ಯು ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕುಳಿತು, ಇನ್ನೂ ಭದ್ರವಾಗಿ ನಿಂತಿದೆ.