ಕಡಲಿನ ಏರಿಕೆಯೂ ನಮ್ಮ ಹೊಳೆಗಳ ಸಿಹಿನೀರೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳ ಹಿಡುವಳಿದಾರರೊಡನೆ ಕಡಲಿನ ಮಟ್ಟವು ಏರುತ್ತಿರುವ ವಿಷಯವನ್ನು ಪ್ರಸ್ತಾಪಿಸಿದರೆ, “ಅದು ಉಳ್ಳಾಲದವರ ಚಿಂತೆ, ನಮ್ಮ ಗದ್ದೆಗೂ ಕಡಲಿಗೂ ಏನು ಸಂಬಂಧ?” ಎಂಬ ಉತ್ತರವು ಬರುವುದು ಸಹಜವೇ ಆಗಿದೆ. ಬಂಟ್ವಾಳದ ಪೇಟೆಯಿಂದ ಮಂಗಳೂರಿಗೆ ಸುಮಾರು ೨೫ ಕಿಲೋಮೀಟರುಗಳ ಅಂತರವಿದೆ; ಬೆಳ್ತಂಗಡಿಯಾದರೋ ಘಟ್ಟದ ಬುಡದಲ್ಲಿದೆ; ಮೂಡುಬಿದಿರೆಯು ಮುರಕಲ್ಲಿನ ಎತ್ತರದ ನೆಲದಲ್ಲಿದೆ. ಈ ಊರುಗಳ ಮನೆಯಂಗಳಕ್ಕೆ ಕಡಲಿನ ತೆರೆಯು ಬರುವುದೆಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಕಾದುದಿಲ್ಲ. ಆದರೆ ಕಡಲು ತೆರೆಯ ರೂಪದಿಂದ ಬಾರದಿದ್ದರೂ ಹೊಳೆಯ ಮಾರ್ಗವಾಗಿ ಒಳನಾಡನ್ನು ಮುಟ್ಟಬಲ್ಲುದು. ಅದು ಎಷ್ಟು ದೂರ ಬರಬೇಕೆಂಬುದನ್ನು ನಿರ್ಣಯಿಸುವ ಶಕ್ತಿಯು ಬಹುಮಟ್ಟಿಗೆ ಮೇಲಿನ ಗ್ರಾಮಗಳವರ ಕೈಯಲ್ಲಿಯೇ ಇದೆ. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶವು.

ಅಳತೆಯಿಂದ ತಿಳಿದುಬಂದುದು

ಕಡಲಿನ ಮಟ್ಟವು ದಿನಕ್ಕೆರಡಾವರ್ತಿ ಉಬ್ಬಿ ಇಳಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಈ ಉಬ್ಬರವು ಹೆಚ್ಚು; ಮಳೆಗಾಲದ ಗಾಳಿಯು ನೀರನ್ನು ದಡಕ್ಕೆ ಒತ್ತಿದಾಗ ಇನ್ನೂ ಹೆಚ್ಚು. ಹೀಗೆ ಸದಾ ಅಲುಗಾಡುವ ನೀರಿನ ಮಟ್ಟವನ್ನು ಅಳೆಯುವುದಕ್ಕೆ ಬಂದರುಗಳಲ್ಲಿ ಮಾಪಕಗಳನ್ನಿಟ್ಟು, ಅನೇಕ ವರ್ಷಗಳ ಲೆಕ್ಕದಿಂದ ಸರಾಸರಿಯನ್ನು ತೆಗೆಯುತ್ತಾರೆ. ಮುಂಬಯಿಯಲ್ಲಿ ಇಂತಹ ಲೆಕ್ಕವು ಹತ್ತೊಂಬತ್ತನೆಯ ಶತಮಾನದಿಂದಲೂ ದೊರೆಯುತ್ತದೆ. ೧೯೯೩ರಿಂದ ಉಪಗ್ರಹಗಳ ಮೂಲಕವೂ ಕಡಲನ್ನು ಅಳೆಯಲಾಗುತ್ತಿದೆ.

ಭಾರತ ಸರಕಾರದ ಭೂವಿಜ್ಞಾನ ಸಚಿವಾಲಯವು ೨೦೨೦ರಲ್ಲಿ ಹೊರಡಿಸಿದ ವರದಿಯ ಪ್ರಕಾರ, ೧೮೭೪ರಿಂದ ೨೦೦೪ರ ವರೆಗೆ ಉತ್ತರ ಹಿಂದೂ ಮಹಾಸಾಗರದ ಮಟ್ಟವು ವರ್ಷಕ್ಕೆ ೧.೦೬ರಿಂದ ೧.೭೫ ಮಿಲಿಮೀಟರುಗಳಂತೆ ಏರಿತು. ೧೯೯೩ರಿಂದ ೨೦೧೭ರ ವರೆಗಿನ ಅವಧಿಯಲ್ಲಿ ಅದು ವರ್ಷಕ್ಕೆ ೩.೩ ಮಿಲಿಮೀಟರುಗಳಾಯಿತು. ಒಂದು ವರ್ಷದ ಏರಿಕೆಯು ಒಂದು ಭತ್ತದ ಕಾಳಿನ ಅಗಲದಷ್ಟೆಂದು ಭಾವಿಸಬಹುದು. ಒಂದು ಕಾಳಿಗೆ ಯಾರೂ ಲಕ್ಷ್ಯ ಕೊಡರು. ಆದರೆ ಪ್ರತಿವರ್ಷವೂ ಕಾಳಿನ ಮೇಲೆ ಕಾಳು ಕೂಡುತ್ತ ಬರುವುದನ್ನೂ, ಕಾಳಿನ ಗಾತ್ರವೇ ದೊಡ್ಡದಾಗುತ್ತಿರುವುದನ್ನೂ ಗಮನಿಸಬೇಕು.

ಈ ಏರಿಕೆಗೆ ಮುಖ್ಯವಾಗಿ ಎರಡು ಕಾರಣಗಳುಂಟು. ಒಂದನೆಯದಾಗಿ, ಭೂಮಿಯ ಶಾಖವು ಹೆಚ್ಚಿದಂತೆ ಕಡಲಿನ ನೀರು ಕಾದು ಹಿಗ್ಗುತ್ತದೆ. ಎರಡನೆಯದಾಗಿ, ಪರ್ವತಗಳ ಮೇಲಣ ಮತ್ತು ಧ್ರುವಪ್ರದೇಶಗಳ ನೆಲದ ಮೇಲಣ ಹಿಮವು ಕರಗಿ ಕಡಲನ್ನು ಸೇರುತ್ತದೆ.

ಮುಂದಿನ ಲೆಕ್ಕವನ್ನು ಹಾಕುವ ಬಗೆ

ಮುಂದೆ ಕಡಲು ಎಷ್ಟು ಏರುವುದೆಂಬುದಕ್ಕೆ ಒಂದೇ ಅಂಕಿಯನ್ನು ಕೊಡಲು ಬರುವುದಿಲ್ಲ. ಲೋಕದ ಜನರು ಇನ್ನು ಮುಂದೆ ಎಷ್ಟು ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸುವರೆಂಬುದರ ಮೇಲೆ ಶಾಖವೂ, ಶಾಖದ ಮೇಲೆ ಕಡಲಿನ ಮಟ್ಟವೂ ಅವಲಂಬಿಸಿವೆ. ಆದುದರಿಂದ ವಿಜ್ಞಾನಿಗಳು ಬೇರೆ ಬೇರೆ ದಾರಿಗಳನ್ನು ಕಲ್ಪಿಸಿ, ಪ್ರತಿಯೊಂದಕ್ಕೂ ಒಂದು ಕನಿಷ್ಠವನ್ನೂ ಒಂದು ಗರಿಷ್ಠವನ್ನೂ ಹೇಳುತ್ತಾರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ೨೦೨೧ರ ವರದಿಯಲ್ಲಿ, ಶತಮಾನದ ತಿರುವಿನ ಕಾಲದ ಮಟ್ಟಕ್ಕೆ ಹೋಲಿಸಿ, ಲೋಕದ ಸರಾಸರಿ ಲೆಕ್ಕವನ್ನು ಹೀಗೆ ಕೊಡಲಾಗಿದೆ:

೨೦೫೦ರ ಹೊತ್ತಿಗೆ, ಯಾವ ದಾರಿಯನ್ನು ಹಿಡಿದರೂ, ಸುಮಾರು ೧೫ರಿಂದ ೩೦ ಸೆಂಟಿಮೀಟರ್.
೨೧೦೦ರ ಹೊತ್ತಿಗೆ, ಉರುವಲನ್ನು ಬಹುಬೇಗ ಕಡಮೆ ಮಾಡಿದರೆ, ೨೮ರಿಂದ ೫೫ ಸೆಂಟಿಮೀಟರ್.
೨೧೦೦ರ ಹೊತ್ತಿಗೆ, ಉರುವಲು ವಿಪರೀತವಾಗಿ ಹೆಚ್ಚುತ್ತ ಹೋದರೆ, ೬೩ ಸೆಂಟಿಮೀಟರಿನಿಂದ ಸುಮಾರು ಒಂದು ಮೀಟರ್.

ಇವುಗಳಲ್ಲಿ ಯಾವುದನ್ನು ನಂಬಬೇಕೆಂದು ಕೇಳಿದರೆ, ಮಾಡುವ ಕೆಲಸದ ಆಯುಷ್ಯವನ್ನು ನೋಡಿ ಅಂಕಿಯನ್ನು ಆರಿಸಿಕೊಳ್ಳಬೇಕೆಂಬುದೇ ಉತ್ತರವು. ಒಂದು ಬೇಸಗೆಗಾಗಿ ಕಟ್ಟುವ ಮಣ್ಣಿನ ಕಟ್ಟಕ್ಕೆ ಈ ಯಾವ ಲೆಕ್ಕವೂ ಬೇಡ. ಈ ವರ್ಷ ನೆಟ್ಟ ತೆಂಗಿನ ಸಸಿಯಾದರೋ ೨೦೮೦ರ ಸುಮಾರಿಗೂ ನಿಂತಿರಬಹುದು. ಸೇತುವೆಯೂ ಅಣೆಕಟ್ಟೂ ಅದಕ್ಕಿಂತ ಹೆಚ್ಚು ಕಾಲ ಬಾಳತಕ್ಕವು. ಮಕ್ಕಳ ಮತ್ತು ಮೊಮ್ಮಕ್ಕಳ ಕಾಲಕ್ಕಾಗಿ ಹಣ ಹೂಡುವವನು ದೊಡ್ಡ ಅಂಕಿಯನ್ನು ಎದುರಿಗಿಟ್ಟುಕೊಳ್ಳುವುದೇ ವಿವೇಕವು.

ಹೊಳೆಯಲ್ಲಿ ಉಪ್ಪು ಏರುವ ಕ್ರಮ

ಘಟ್ಟದಲ್ಲಿ ಹುಟ್ಟಿದ ನೇತ್ರಾವತಿಯು ಬೆಳ್ತಂಗಡಿ ಸೀಮೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ, ಪಾಣೆಮಂಗಳೂರು, ತುಂಬೆಗಳ ಮಾರ್ಗವಾಗಿ ಹರಿದು, ಉಳ್ಳಾಲಕ್ಕೂ ಬೆಂಗ್ರೆಗೂ ನಡುವೆ ಕಡಲನ್ನು ಸೇರುತ್ತದೆ. ವೇಣೂರಿನ ಪಕ್ಕದಲ್ಲಿ ಹರಿಯುವ ಫಲ್ಗುಣಿಯು ಮೂಡುಬಿದಿರೆ ಕಡೆಯ ಹಲವು ತೋಡುಗಳ ನೀರನ್ನು ಪಡೆದು, ಗುರುಪುರದ ಹೊಳೆಯೆನಿಸಿಕೊಂಡು, ಅದೇ ಅಳಿವೆಗೆ ಬರುತ್ತದೆ. ಹೀಗೆ ಮೂರು ಸೀಮೆಗಳ ಬಹುಪಾಲು ನೀರಿಗೆ ಬಾಗಿಲು ಒಂದೇ.

ಕಡಲಿನ ನೀರು ಸಿಹಿನೀರಿಗಿಂತ ಭಾರವಾದುದು. ಸಿಹಿನೀರು ೧೦೦೦ ತೂಗುವಲ್ಲಿ ಅದು ೧೦೨೫ ತೂಗುತ್ತದೆ. ಆದುದರಿಂದ ಉಬ್ಬರದ ಕಾಲದಲ್ಲಿ ಉಪ್ಪುನೀರು ಹೊಳೆಯ ತಳವನ್ನು ಹಿಡಿದು, ಸಿಹಿನೀರಿನ ಕೆಳಗೆ ಬೆಣೆಯಂತೆ ನುಗ್ಗುತ್ತದೆ. ಮೇಲಿನಿಂದ ಹರಿವು ಜೋರಾಗಿದ್ದರೆ ಆ ಬೆಣೆಯು ಅಳಿವೆಗೆ ಹಿಮ್ಮೆಟ್ಟುತ್ತದೆ. ಹರಿವು ಕುಗ್ಗಿದರೆ ಮುಂದುವರಿಯುತ್ತದೆ. ಮಳೆಗಾಲದಲ್ಲಿ ಸಿಹಿನೀರಿಗೂ ಮಾರ್ಚಿಯಿಂದ ಮೇ ವರೆಗೆ ಉಪ್ಪಿಗೂ ಜಯವಾಗುವುದು ಈ ಕಾರಣದಿಂದಲೇ.

ಕಡಲು ಏರಿದರೆ ಈ ಹೋರಾಟದಲ್ಲಿ ಉಪ್ಪಿನ ಪಕ್ಷಕ್ಕೆ ಬಲ ಬರುತ್ತದೆ. ಹೊಳೆಯ ತಳವು ಒಂದು ಕಿಲೋಮೀಟರಿಗೆ ಒಂದು ಅಡಿಯಷ್ಟು ಮಾತ್ರ ಏರುವ ಸ್ಥಳವಿದೆಯೆಂದು ಉದಾಹರಣೆಗಾಗಿ ತಿಳಿಯೋಣ. ಅಲ್ಲಿ ಕಡಲಿನ ಮಟ್ಟವು ಒಂದು ಅಡಿ ಹೆಚ್ಚಿದರೆ, ಉಬ್ಬರವು ಮುಟ್ಟುವ ಗಡಿಯು ಸುಮಾರು ಒಂದು ಕಿಲೋಮೀಟರ್ ಒಳಕ್ಕೆ ಸರಿಯುವುದು. ನೆಟ್ಟಗೆ ಏರುವ ದಡದಲ್ಲಿ ಅಲ್ಪವೆಂದು ತೋರುವ ಏರಿಕೆಯು ಸಪಾಟಾದ ಹೊಳೆಯಲ್ಲಿ ಬಹುದೂರಕ್ಕೆ ಚಾಚುತ್ತದೆ.

ಈ ಅಪಾಯವು ಹೊಸದಲ್ಲ. ಉಪ್ಪುನೀರನ್ನು ತಡೆಯುವುದಕ್ಕಾಗಿಯೇ ಪಶ್ಚಿಮವಾಹಿನಿ ಯೋಜನೆಯಲ್ಲಿ ಹರೇಕಳಕ್ಕೂ ಅಡ್ಯಾರಿಗೂ ನಡುವೆ ನೇತ್ರಾವತಿಗೆ ಕಿಂಡಿ ಅಣೆಕಟ್ಟನ್ನು ಕಟ್ಟಲಾಗಿದೆ. ಅದರ ಮೇಲ್ಭಾಗದಲ್ಲಿರುವ ತುಂಬೆಯ ಅಣೆಕಟ್ಟಿನ ನೀರು ಮಂಗಳೂರು ನಗರಕ್ಕೆ ಕುಡಿಯಲು ಹೋಗುತ್ತದೆ. ಫಲ್ಗುಣಿಗೆ ಮರವೂರಿನಲ್ಲಿ ಕಿಂಡಿ ಅಣೆಕಟ್ಟಿದೆ. ಆದರೆ ಅಣೆಕಟ್ಟು ಎಂದರೆ ಬಾಗಿಲು ಮಾತ್ರ. ಮನೆಯೊಳಗೆ ದವಸವಿಲ್ಲದಿದ್ದರೆ ಬಾಗಿಲನ್ನು ಭದ್ರಪಡಿಸಿ ಫಲವೇನು? ೨೦೧೬ರಲ್ಲಿಯೂ ೨೦೧೯ರಲ್ಲಿಯೂ ಬೇಸಗೆಯ ಕೊನೆಗೆ ತುಂಬೆಯಲ್ಲಿ ನೀರು ಇಳಿದು, ನಗರಕ್ಕೆ ಸರದಿಯ ಮೇಲೆ ನೀರು ಕೊಡಬೇಕಾಗಿ ಬಂದಿತು. ಅಂತಹ ಕಾಲದಲ್ಲಿ ಹೊಳೆಯ ಬದಿಯ ಪಂಪುಗಳ ಮೇಲೆ ನಿರ್ಬಂಧ ಬರುವುದೂ, ಅಡಿಕೆ ತೋಟವು ಬಾಡುವುದೂ ದಡದ ರೈತರಿಗೆ ತಿಳಿದ ವಿಷಯವೇ. ಕಡಲು ಏರಿದಂತೆ ಉಪ್ಪನ್ನು ಕೆಳಗೆ ನಿಲ್ಲಿಸುವುದಕ್ಕೆ ಹೆಚ್ಚು ಸಿಹಿನೀರು ಬೇಕಾಗುವುದರಿಂದ, ಇಂತಹ ವರ್ಷಗಳು ಹೆಚ್ಚಾಗುವ ಸಂಭವವಿದೆ. ಮೇಲಿನ ಗ್ರಾಮಗಳಿಗೂ ಕಡಲಿಗೂ ಇರುವ ಸಂಬಂಧವು ಇದೇ.

ಬಾವಿಗಳಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಕಡಲಿನ ಮತ್ತು ಅಳಿವೆಯ ಬದಿಯ ಮರಳುನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟವು ಒಂದು ಅಡಿ ತಗ್ಗಿದರೆ, ಕೆಳಗಿನ ಉಪ್ಪುನೀರು ಕ್ರಮೇಣ ೪೦ ಅಡಿಗಳ ವರೆಗೆ ಮೇಲಕ್ಕೆ ಬರಬಲ್ಲುದು. ಮಿತಿಮೀರಿ ಎತ್ತುವ ಪಂಪು ಇಂತಹ ನೆಲದಲ್ಲಿ ಕಡಲಿಗೆ ತಾನೇ ದಾರಿ ಮಾಡಿಕೊಡುತ್ತದೆ.

ಮಳೆಗಾಲದ ನೆರೆ

೧೯೨೩ರ ನೆರೆಯನ್ನೂ ೧೯೭೪ರ ನೆರೆಯನ್ನೂ ಬಂಟ್ವಾಳದವರು ಮರೆತಿಲ್ಲ. ೨೦೧೯ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಗುಡ್ಡಗಳು ಜರಿದುದನ್ನೂ, ಹೊಳೆಗಳು ದಡ ಮೀರಿದುದನ್ನೂ ಎಲ್ಲರೂ ಕಂಡಿದ್ದಾರೆ. ಇವುಗಳ ಮೂಲವು ಘಟ್ಟದ ಮಳೆಯೇ ಹೊರತು ಕಡಲಲ್ಲ. ಆದರೆ ನೆರೆಯ ನೀರು ಕೊನೆಗೆ ಹೋಗಬೇಕಾದುದು ಕಡಲಿಗೆ. ದೊಡ್ಡ ಮಳೆಯೂ ದೊಡ್ಡ ಉಬ್ಬರವೂ ಒಟ್ಟಿಗೆ ಬಂದಲ್ಲಿ, ಅಳಿವೆಯಲ್ಲಿ ನೀರು ತಡೆದು ನಿಂತು, ಹಿಂದಿನ ನೀರನ್ನು ಒತ್ತುತ್ತದೆ. ಈ ಒತ್ತಡವು ಮೇಲಕ್ಕೆ ಹೋದಂತೆ ಕಡಮೆಯಾಗುವುದಾದರೂ, ಕೆಳಗಣ ಬೈಲುಗದ್ದೆಗಳಲ್ಲಿ ನೀರು ಇಳಿಯಲು ತಡವಾಗಬಹುದು. ಏಣೆಲಿನ ಎಳೆಯ ಪೈರು ಒಂದೆರಡು ದಿನ ಮುಳುಗಿದರೆ ಚೇತರಿಸಿಕೊಳ್ಳಬಹುದು. ವಾರಗಟ್ಟಲೆ ಮುಳುಗಿದರೆ ಕೊಳೆಯುತ್ತದೆ. ಆದುದರಿಂದ ತೋಡುಗಳನ್ನು ಕಿರಿದುಗೊಳಿಸುವುದೂ, ಹೊಳೆಯ ಬದಿಯ ತಗ್ಗು ಗದ್ದೆಗಳಿಗೆ ಮಣ್ಣು ತುಂಬಿ ಮನೆ ಕಟ್ಟುವುದೂ ಇನ್ನು ಮುಂದೆ ಹೆಚ್ಚು ಹಾನಿಕರವಾಗುವುವು.

ಗ್ರಾಮದ ಪ್ರಮುಖರು ಮಾಡತಕ್ಕ ಕೆಲಸಗಳು

೧. ಕಟ್ಟಗಳನ್ನು ಸಕಾಲದಲ್ಲಿ ಕಟ್ಟಬೇಕು. ಮಳೆ ನಿಂತು ತೋಡಿನ ಹರಿವು ತಗ್ಗುವ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿಯೇ ಕಲ್ಲುಮಣ್ಣಿನ ಕಟ್ಟಗಳನ್ನು ಹಾಕುವುದೂ, ಕಿಂಡಿ ಅಣೆಕಟ್ಟುಗಳಿಗೆ ಎರಡು ಸಾಲು ಹಲಗೆಯಿಟ್ಟು ನಡುವೆ ಮಣ್ಣು ತುಂಬುವುದೂ ಆಗಬೇಕು. ಆಗ ನೀರು ಸಮೃದ್ಧವಾಗಿರುವುದರಿಂದ ಕೆಳಗಿನವರಿಗೆ ಕೊರತೆಯಾಗದು. ನೆಲದೊಳಕ್ಕೆ ಇಳಿದ ನೀರು ಬೇಸಗೆಯಲ್ಲಿ ಒರತೆಯಾಗಿ ಹೊಳೆಗೆ ಮರಳುತ್ತದೆ. ಏಪ್ರಿಲಿನಲ್ಲಿ ಬತ್ತಿದ ತೋಡನ್ನು ಅಡ್ಡಗಟ್ಟಿದರೆ ಕೆಳಗಿನವರ ಪಾಲನ್ನು ಕಸಿದಂತಾಗುವುದು. ಮಳೆಗೆ ಮೊದಲು ಹಲಗೆಗಳನ್ನು ತಪ್ಪದೆ ತೆಗೆಯಬೇಕು.

೨. ಹಳೆಯ ಮದಕಗಳ ಮತ್ತು ಕೆರೆಗಳ ಹೂಳನ್ನು ತೆಗೆಯಿಸಬೇಕು. ಪಂಪೂ ಕೊಳವೆಬಾವಿಯೂ ಬಂದ ಮೇಲೆ ಇವುಗಳ ಕಡೆಗೆ ಗಮನವು ಕಡಮೆಯಾಗಿದೆ. ಗುಡ್ಡದ ಇಳಿಜಾರಿನಲ್ಲಿ ಮರಗಳನ್ನು ಉಳಿಸಿ, ಮಳೆಯ ನೀರನ್ನು ಇಂಗಿಸಬೇಕು.

೩. ನೀರನ್ನು ಮಿತವಾಗಿ ಬಳಸಬೇಕು. ತೋಟಕ್ಕೆ ಕೊಳವೆಯಿಂದ ನೀರನ್ನು ಹಾಯಲು ಬಿಡುವುದಕ್ಕಿಂತ ಹನಿ ನೀರಾವರಿಯೂ ಬುಡಕ್ಕೆ ಸೋಗೆ, ತರಗೆಲೆಗಳ ಹೊದಿಕೆಯೂ ಮೇಲು.

೪. ಕೆಳಗಣ ಹೊಳೆಬದಿಯವರು ಫೆಬ್ರವರಿಯಿಂದ ಮೇ ವರೆಗೆ ತಿಂಗಳಿಗೊಮ್ಮೆ ಬಾವಿಯ ಮತ್ತು ಹೊಳೆಯ ನೀರನ್ನು ಪರೀಕ್ಷೆ ಮಾಡಿಸಬೇಕು. ಉಬ್ಬರದ ಹೊತ್ತಿನಲ್ಲಿ ತಳದಿಂದ ನೀರನ್ನು ತೆಗೆಯುವುದು ಯುಕ್ತ. ನೀರಿನ ವಿದ್ಯುದ್ವಾಹಕತೆಯು ೦.೭ ಡೆಸಿಸೀಮನ್ಸ್‌ಗಿಂತ ಕಡಮೆಯಿದ್ದರೆ ಬೆಳೆಗೆ ಬಾಧಕವಿಲ್ಲ. ೩ನ್ನು ಮೀರಿದರೆ ತೋಟಕ್ಕೆ ಹಾಯಿಸಬಾರದು. ತೆಂಗು ಸ್ವಲ್ಪ ಉಪ್ಪನ್ನು ತಾಳುತ್ತದೆ. ಅಡಿಕೆಯೂ ಬಾಳೆಯೂ ತಾಳುವುದಿಲ್ಲ. ಭತ್ತವು ಸಸಿಯಾಗಿರುವಾಗಲೂ ಹೂ ಬಿಡುವಾಗಲೂ ಬಹಳ ಸೂಕ್ಷ್ಮವಾದುದು. ಕುಮಟೆಯ ಅಘನಾಶಿನಿ ಬದಿಯ ಗಜನಿಯವರು ಬೆಳೆಯುವ ಕಗ್ಗ ಭತ್ತವು ಉಪ್ಪನ್ನು ತಾಳುವ ತಳಿಯಾಗಿದೆ. ಪರೀಕ್ಷೆಯ ವಿಷಯದಲ್ಲಿ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಬಹುದು.

೫. ಪ್ರತಿ ಗ್ರಾಮದಲ್ಲಿಯೂ ಒಂದು ನೀರಿನ ಪುಸ್ತಕವನ್ನು ಇಡಬೇಕು. ನೆರೆಯು ಏರಿದ ಮಟ್ಟವನ್ನು ಸೇತುವೆಯ ಕಂಬಕ್ಕೋ ಕಲ್ಲಿಗೋ ಗುರುತು ಮಾಡಿ, ತಾರೀಕನ್ನು ಬರೆಯಬೇಕು. ತೋಡು ಬತ್ತಿದ ದಿನವನ್ನೂ, ಬಾವಿಯ ನೀರಿನ ಆಳವನ್ನೂ ದಾಖಲೆ ಮಾಡಬೇಕು. ಲೋಕದ ಸರಾಸರಿಯು ನಮ್ಮ ಊರಿನ ಗದ್ದೆಯ ಲೆಕ್ಕವನ್ನು ಹೇಳಲಾರದು. ಹತ್ತಿಪ್ಪತ್ತು ವರ್ಷಗಳ ಇಂತಹ ಪುಸ್ತಕವು ಹೇಳಬಲ್ಲುದು.

ಕಡಲನ್ನು ತಗ್ಗಿಸುವುದು ಒಂದು ಗ್ರಾಮದವರಿಂದಲಾಗಲಿ ಒಂದು ಜಿಲ್ಲೆಯವರಿಂದಲಾಗಲಿ ಆಗುವ ಕೆಲಸವಲ್ಲ. ಆದರೆ ಮೇ ತಿಂಗಳಿನಲ್ಲಿಯೂ ಹೊಳೆಯಲ್ಲಿ ಸಿಹಿನೀರು ಹರಿಯುವಂತೆ ಮಾಡುವುದು ಮೇಲಿನ ಊರುಗಳವರಿಂದ ಆಗತಕ್ಕ ಕೆಲಸವು. ಬೆಳ್ತಂಗಡಿಯ ತೋಡಿನಲ್ಲಿ ಡಿಸೆಂಬರಿನಲ್ಲಿ ನಿಲ್ಲಿಸಿದ ನೀರು ಬಂಟ್ವಾಳದ ತೋಟವನ್ನು ಕಾಯುತ್ತದೆ. ಅಲ್ಲಿಂದ ಕೆಳಗೆ ಹರಿದುದು ಅಡ್ಯಾರಿನಲ್ಲಿ ಉಪ್ಪನ್ನು ತಡೆಯುತ್ತದೆ. ಈ ವರ್ಷ ಮಳೆಯು ಹಿಂದೆಗೆದೊಡನೆ ಗ್ರಾಮದ ಪ್ರಮುಖರು ಹಿಡುವಳಿದಾರರನ್ನು ಕೂಡಿಸಿ, ಯಾವ ಯಾವ ತೋಡಿಗೆ ಯಾರು ಯಾರು ಯಾವ ದಿನ ಕಟ್ಟ ಹಾಕತಕ್ಕದ್ದೆಂಬುದನ್ನು ನಿರ್ಣಯಿಸಿ, ನೀರಿನ ಪುಸ್ತಕದ ಮೊದಲನೆಯ ಪುಟದಲ್ಲಿ ಬರೆದಿಡುವುದು ಉಚಿತವು.