ನೆರೆಯವರ ಚರ್ಚಿಗೆ ಮೊದಲ ಸಲ ಹೋಗುವಾಗ

ನೆರೆಮನೆಯ ಕ್ರೈಸ್ತ ಹಿರಿಯರೊಬ್ಬರು ತೀರಿಕೊಂಡರೆ ನಮ್ಮವರು ಮನೆಗೆ ಹೋಗುತ್ತಾರೆ. ಕುರ್ಚಿ ಹಾಕುತ್ತಾರೆ, ವಾಹನದ ವ್ಯವಸ್ಥೆ ಮಾಡುತ್ತಾರೆ, ಶವಪೆಟ್ಟಿಗೆಗೆ ಹೆಗಲು ಕೊಡುತ್ತಾರೆ, ಮೆರವಣಿಗೆಯ ಜೊತೆ ಚರ್ಚಿನ ಗೇಟಿನವರೆಗೂ ನಡೆಯುತ್ತಾರೆ. ಅಲ್ಲಿ ಕಾಲು ನಿಲ್ಲುತ್ತದೆ. ಒಳಗೆ ಹೋಗಬಹುದೇ, ಹೋದರೆ ಏನು ಮಾಡಬೇಕು, ಎಲ್ಲರೂ ಮೊಣಕಾಲೂರಿದಾಗ ನಾವೇನು ಮಾಡುವುದು, ಬಾಯಿಗೆ ಏನಾದರೂ ಕೊಟ್ಟರೆ ಗತಿಯೇನು ಎಂಬ ಆತಂಕ. ಕೊನೆಗೆ ಹತ್ತು ಹದಿನೈದು ಮಂದಿ ಒಂದು ಗಂಟೆ ಕಾಲ ರಸ್ತೆ ಬದಿಯಲ್ಲಿ ಮೊಬೈಲ್ ನೋಡುತ್ತಾ ನಿಲ್ಲುತ್ತಾರೆ. ಜುಮಾ ಮುಗಿದ ಮೇಲೆ ಈ ಪ್ರಶ್ನೆ ಹೊತ್ತು ಬರುವ ಯುವಕರು ಈಗೀಗ ಹೆಚ್ಚಾಗಿದ್ದಾರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಹೋಗಬಹುದೇ ಎಂಬ ಮಾತು. ಇದರಲ್ಲಿ ಸಹಾಬಿಗಳ ಕಾಲದಿಂದಲೂ ಎರಡು ನಡೆಗಳಿವೆ. ಚರ್ಚುಗಳಲ್ಲಿರುವ ಪ್ರತಿಮೆಗಳ ಕಾರಣಕ್ಕೆ ತಾವು ಒಳಹೋಗುವುದಿಲ್ಲ ಎಂದು ಉಮರ್(ರ) ಹೇಳಿದ್ದನ್ನೂ, ಪ್ರತಿಮೆಗಳಿಲ್ಲದ ಚರ್ಚಿನಲ್ಲಿ ಇಬ್ನು ಅಬ್ಬಾಸ್(ರ) ನಮಾಝನ್ನೇ ನಿರ್ವಹಿಸುತ್ತಿದ್ದುದನ್ನೂ ಇಮಾಮ್ ಬುಖಾರಿ ಒಂದೇ ಅಧ್ಯಾಯದಲ್ಲಿ ಉಲ್ಲೇಖಿಸಿದ್ದಾರೆ. ಹಂಬಲಿ ವಿದ್ವಾಂಸ ಇಬ್ನು ಖುದಾಮ ತಮ್ಮ 'ಅಲ್ ಮುಗ್ನೀ'ಯಲ್ಲಿ ಇನ್ನೊಂದು ಘಟನೆ ಕೊಡುತ್ತಾರೆ. ಸಿರಿಯಾದ ಕ್ರೈಸ್ತರು ಉಮರ್(ರ)ರನ್ನು ಊಟಕ್ಕೆ ಕರೆದರು. ಊಟ ಚರ್ಚಿನೊಳಗೆ ಎಂದು ತಿಳಿದಾಗ ಅವರು ತಾವು ಹೋಗದೆ ಜನರ ಜೊತೆ ಅಲಿ(ರ)ರನ್ನು ಕಳುಹಿಸಿದರು. ಅಲಿ(ರ) ಒಳಗೆ ಹೋಗಿ ಊಟ ಮಾಡಿದರು, ಗೋಡೆಯ ಚಿತ್ರಗಳನ್ನು ನೋಡಿದರು, ಖಲೀಫರು ಬಂದಿದ್ದರೂ ಏನೂ ತೊಂದರೆಯಿರಲಿಲ್ಲ ಎಂಬರ್ಥದ ಮಾತಾಡಿದರು. ನಮ್ಮ ಕರಾವಳಿಯ ಹೆಚ್ಚಿನವರು ಅನುಸರಿಸುವ ಶಾಫಿಈ ಗ್ರಂಥಗಳಲ್ಲಿ ಅವರ ಅನುಮತಿಯಿದ್ದರೆ ಮಾತ್ರ ಪ್ರವೇಶ, ಪ್ರತಿಮೆಗಳಿದ್ದರೆ ಬೇಡ ಎಂಬ ಅಭಿಪ್ರಾಯ ಬಲವಾಗಿಯೇ ಇದೆ. ಹನಫಿಗಳಲ್ಲಿ ಮಕ್ರೂಹ್ ಎಂದವರಿದ್ದಾರೆ. ಆರಾಧನೆಯಲ್ಲಿ ಪಾಲುಗೊಳ್ಳಬಾರದು ಎಂಬುದರಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಆದ್ದರಿಂದ ಕಠಿಣ ಅಭಿಪ್ರಾಯವನ್ನು ಪಾಲಿಸುವವರು ಅಂಗಳದಲ್ಲಿ ಗಂಭೀರವಾಗಿ ನಿಲ್ಲಲಿ, ಅವರನ್ನು ಯಾರೂ ಹೀಗಳೆಯಬಾರದು. ಆದರೆ ಫಿಕ್ಹ್ ಗೊತ್ತಿಲ್ಲದೆ, ಬರೀ ಭಯದಿಂದ ಗೇಟಿನ ಹೊರಗೆ ನಿಲ್ಲುವವರೇ ನಮ್ಮಲ್ಲಿ ಹೆಚ್ಚು. ಒಬ್ಬ ಯಹೂದಿಯ ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ) ಎದ್ದು ನಿಂತರು, ಅದೂ ಒಂದು ಜೀವವಲ್ಲವೇ ಎಂದು ಕೇಳಿದರು ಎಂಬ ಹದೀಸನ್ನು ನಾವು ಮಿಂಬರ್‌ನಿಂದ ಎಷ್ಟು ಸಲ ಹೇಳಿಲ್ಲ! ಪಕ್ಕದ ಮನೆಯವರ ದುಃಖದಲ್ಲಿ ನಾವು ಎಲ್ಲಿ ನಿಂತೆವು ಎಂಬುದನ್ನು ಆ ಮನೆಯ ಮಕ್ಕಳು ನೋಡಿರುತ್ತಾರೆ.

ನಮ್ಮವರ ಭಯಕ್ಕೆ ದೊಡ್ಡ ಕಾರಣ, ಒಳಗೆ ಹೋದರೆ ಅವರು ಮಾಡಿದ್ದನ್ನೆಲ್ಲ ನಾವೂ ಮಾಡಬೇಕಾಗುತ್ತದೆ, ಮಾಡದಿದ್ದರೆ ಅವಮಾನ ಮಾಡಿದಂತಾಗುತ್ತದೆ ಎಂಬ ಕಲ್ಪನೆ. ಇದು ಸರಿಯಲ್ಲ. ತಮ್ಮ ವಿಶ್ವಾಸದಲ್ಲಿಲ್ಲದವರು ತಮ್ಮ ಆರಾಧನೆಯ ಮುಖ್ಯ ಭಾಗದಲ್ಲಿ ಸೇರಬಾರದೆಂದು ಕಥೋಲಿಕ ಚರ್ಚೇ ನಿಯಮ ಮಾಡಿದೆ. ನಾವು ಎಳೆಯುವ ಗೆರೆಯನ್ನು ಆ ಕಡೆಯಿಂದ ಅವರೂ ಎಳೆದಿದ್ದಾರೆ. ಸುಮ್ಮನೆ ಕುಳಿತಿರುವ ಅತಿಥಿ ಅವರಿಗೆ ಹೊಸಬನೂ ಅಲ್ಲ, ಅಪರಾಧಿಯೂ ಅಲ್ಲ.

ಯಾವ ಚರ್ಚು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ದಕ್ಷಿಣ ಕನ್ನಡ, ಉಡುಪಿಯಲ್ಲಿ ನಮ್ಮ ಕ್ರೈಸ್ತ ನೆರೆಯವರಲ್ಲಿ ಹೆಚ್ಚಿನವರು ಕೊಂಕಣಿ ಮಾತಾಡುವ ಕಥೋಲಿಕರು. ಅವರ ಇಗರ್ಜಿಗಳಲ್ಲಿ ಯೇಸು, ಮರಿಯಮ್ಮ, ಸಂತರ ಪ್ರತಿಮೆಗಳಿರುತ್ತವೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಬೆಳೆದ, ಈಗ ಸಿಎಸ್‌ಐ ಎನ್ನಲಾಗುವ ಪ್ರೊಟೆಸ್ಟೆಂಟ್ ಚರ್ಚುಗಳು ಬೇರೆ. ಅಲ್ಲಿ ಸಾಮಾನ್ಯವಾಗಿ ಪ್ರತಿಮೆಗಳಿಲ್ಲ, ಬರೀ ಒಂದು ಶಿಲುಬೆ. ಮೇಲೆ ಹೇಳಿದ ಇಬ್ನು ಅಬ್ಬಾಸ್(ರ)ರ ವ್ಯತ್ಯಾಸ ಇಲ್ಲಿ ನೆನಪಾಗಬೇಕು. ನಾನು ಮುಂದೆ ಹೇಳುವುದು ಮುಖ್ಯವಾಗಿ ಕಥೋಲಿಕರ ಬಲಿಪೂಜೆಯ ಬಗ್ಗೆ, ಏಕೆಂದರೆ ನಮಗೆ ಆಮಂತ್ರಣ ಬರುವುದು ಹೆಚ್ಚಾಗಿ ಅಲ್ಲಿಂದಲೇ.

ಉಡುಪು ಮಸೀದಿಗೆ ಹೋಗುವಾಗಿನಂತೆ ಸಭ್ಯವಾಗಿದ್ದರೆ ಸಾಕು. ಚಪ್ಪಲಿ ಕೆಲವೆಡೆ ಹೊರಗೆ ಬಿಡುತ್ತಾರೆ, ಕೆಲವೆಡೆ ಇಲ್ಲ. ಬಾಗಿಲ ಬಳಿ ನೋಡಿದರೆ ತಿಳಿಯುತ್ತದೆ. ಗಂಡಸರು ಅಲ್ಲಿ ಬರಿತಲೆಯಲ್ಲಿರುತ್ತಾರೆ, ಆದರೆ ನಮ್ಮ ಟೊಪ್ಪಿಯನ್ನು ತಪ್ಪು ತಿಳಿಯುವವರು ಈ ಊರಲ್ಲಿ ಕಡಿಮೆ. ನಮ್ಮ ಹೆಣ್ಣುಮಕ್ಕಳ ಶಿರವಸ್ತ್ರದ ಬಗ್ಗೆ ಪ್ರಶ್ನೆಯೇ ಇಲ್ಲ, ಅವರ ಅಜ್ಜಿಯಂದಿರೂ ತಲೆ ಮುಚ್ಚಿಯೇ ಚರ್ಚಿಗೆ ಹೋಗುತ್ತಿದ್ದರು. ಬಾಗಿಲಲ್ಲಿ ಸಣ್ಣ ಬಟ್ಟಲಲ್ಲಿ ನೀರಿರುತ್ತದೆ. ಅದು ವುಝೂವಿನಂಥದ್ದಲ್ಲ, ಆಶೀರ್ವದಿಸಿದ ನೀರನ್ನು ಬೆರಳಿಗೆ ತಗಲಿಸಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ನಾವು ಹಾಗೆಯೇ ದಾಟಿ ಹೋಗಬಹುದು. ಒಳಗೆ ಬಂದವರು ಮುಂಭಾಗಕ್ಕೆ ಬಾಗಿ ಅಥವಾ ಒಂದು ಮೊಣಕಾಲೂರಿ ಕುಳಿತುಕೊಳ್ಳುತ್ತಾರೆ, ಅದೂ ನಮಗಲ್ಲ. ಹಿಂದಿನಿಂದ ಎರಡು ಮೂರನೆಯ ಬೆಂಚಿನ ತುದಿಯಲ್ಲಿ ಕುಳಿತುಕೊಳ್ಳಿ. ಎಲ್ಲಕ್ಕಿಂತ ಹಿಂದೆ ಬೇಡ, ಮುಂದೆ ಯಾರು ಏನು ಮಾಡುತ್ತಿದ್ದಾರೆಂದು ಕಾಣಬೇಕು.

ಬಲಿಪೂಜೆಗೆ ಎರಡು ಭಾಗ. ಮೊದಲನೆಯದು ಓದು ಮತ್ತು ಉಪದೇಶ, ನಮ್ಮ ಖುತ್ಬಾಗೆ ಸಮೀಪದ್ದು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಸಭೆಯವರೆಗೂ ಪೂಜೆ ಲ್ಯಾಟಿನ್‌ನಲ್ಲಿತ್ತು. ಈಗ ಕೊಂಕಣಿ, ಕನ್ನಡ, ಇಂಗ್ಲಿಷ್. ಮಂಗಳೂರಿನ ಕೊಂಕಣಿ ಕನ್ನಡ ಲಿಪಿಯಲ್ಲೇ ಇರುವುದರಿಂದ ಬೆಂಚಿನ ಮೇಲಿರುವ ಪುಸ್ತಕ ನಮಗೂ ಓದಲು ಬರುತ್ತದೆ, ಅರ್ಥ ಅರ್ಧಂಬರ್ಧ ಆದರೂ. ಬೈಬಲಿನಿಂದ ಮೊದಲ ಓದು, ನಡುವೆ ಕೀರ್ತನೆ, ಕೊನೆಗೆ ಶುಭಸಂದೇಶ. ಶುಭಸಂದೇಶ ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಾರೆ. ನಾವೂ ನಿಂತರೆ ಅದು ಸಭಾ ಮರ್ಯಾದೆ, ಇಬಾದತ್ ಅಲ್ಲ ಎಂಬುದು ನನ್ನ ಅಭಿಪ್ರಾಯ.

ನಂತರ ಪಾದ್ರಿಯ ಪ್ರಬೋಧನೆ. ಇಲ್ಲಿ ಖತೀಬರಿಗೆ ಸ್ವಲ್ಪ ಹೊಟ್ಟೆಕಿಚ್ಚು ಬರುವ ವಿಷಯವೊಂದಿದೆ. ಭಾನುವಾರದ ಓದುಗಳು ಮೂರು ವರ್ಷಗಳ ಚಕ್ರದಲ್ಲಿ ಮೊದಲೇ ನಿಗದಿಯಾಗಿವೆ: ಒಂದು ವರ್ಷ ಮುಖ್ಯವಾಗಿ ಮತ್ತಾಯ, ಇನ್ನೊಂದು ವರ್ಷ ಮಾರ್ಕ, ಮತ್ತೊಂದು ವರ್ಷ ಲೂಕ. ಪಾದ್ರಿ ಅಂದಿನ ಓದಿನ ಮೇಲೆ ಮಾತಾಡಿದರಾಯಿತು. ಗುರುವಾರ ರಾತ್ರಿ ವಿಷಯ ಹುಡುಕುತ್ತಾ ಕೂರಬೇಕಿಲ್ಲ. ಪ್ರಬೋಧನೆ ಎಂಟು ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆ ಹೋಗುತ್ತಾರೆ ಎಂದು ಪೋಪ್ ಫ್ರಾನ್ಸಿಸ್ 2024ರಲ್ಲಿ ಪಾದ್ರಿಗಳಿಗೆ ಹೇಳಿದ್ದರು. ಖುತ್ಬಾ ಚಿಕ್ಕದಾಗಿರುವುದು ಖತೀಬನ ತಿಳಿವಳಿಕೆಯ ಗುರುತು ಎಂಬ ಹದೀಸ್ ನಮ್ಮಲ್ಲೂ ಇದೆ. ಎರಡೂ ಕಡೆ ಪಾಲನೆ ಎಷ್ಟು ಎಂಬುದನ್ನು ಓದುಗರೇ ಬಲ್ಲರು.

ಭಾನುವಾರವಾದರೆ ಪ್ರಬೋಧನೆಯ ಬಳಿಕ ಎಲ್ಲರೂ ನಿಂತು ವಿಶ್ವಾಸ ಪ್ರಮಾಣ ಹೇಳುತ್ತಾರೆ. ಯೇಸು ದೇವಪುತ್ರ ಎಂಬುದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ನಮ್ಮ ವಿಶ್ವಾಸ ಅದಲ್ಲ. ಈಸಾ(ಅ) ಅಲ್ಲಾಹನ ದಾಸ ಮತ್ತು ಪ್ರವಾದಿ. ಅವರ ತಾಯಿ ಮರ್ಯಮ್(ಅ), ಕುರ್‌ಆನ್ ಹೆಸರೆತ್ತಿ ಹೇಳಿದ ಏಕೈಕ ಮಹಿಳೆ. ಅಲ್ಲಿ ನಾವು ಮೌನವಾಗಿರಬೇಕು. ಆ ಮೌನ ಒಪ್ಪಿಗೆಯಲ್ಲ. ಪ್ರಾರ್ಥನೆಗಳ ಕೊನೆಗೆ ಬರುವ 'ಆಮೆನ್' ನಮ್ಮ ಆಮೀನ್‌ನ ಬಂಧು ಪದವೇ ಆದರೂ, ಆ ಪ್ರಾರ್ಥನೆಗಳು ಯೇಸುವಿನ ಮೂಲಕ ಸಲ್ಲುವಂಥವು. ಆದ್ದರಿಂದ ದನಿಗೂಡಿಸುವುದು ಬೇಡ. ಹೊರಗೆ ಬಂದು ತ್ರಿತ್ವದ ಬಗ್ಗೆ ವಾದಕ್ಕಿಳಿಯುವುದೂ ಬೇಡ. ಜಅ್‌ಫರ್(ರ) ಅಬಿಸೀನಿಯದ ನಜ್ಜಾಶಿಯ ಆಸ್ಥಾನದಲ್ಲಿ ಸೂರಃ ಮರ್ಯಮ್ ಓದಿದ್ದು ದೊರೆ ಕೇಳಿದಾಗ. ಯಾರಾದರೂ ಕೇಳಿದರೆ ನಾವೂ ಹೇಳೋಣ, ಆದರೆ ಶವಪೆಟ್ಟಿಗೆಯ ಪಕ್ಕದಲ್ಲಲ್ಲ.

ಎರಡನೆಯ ಭಾಗ ಆರಂಭವಾಗುವಾಗ ಕಾಣಿಕೆಯ ಚೀಲ ಅಥವಾ ಬುಟ್ಟಿ ಬರುತ್ತದೆ. ಹಾಕಲೇಬೇಕೆಂದಿಲ್ಲ, ಪಕ್ಕದವರಿಗೆ ದಾಟಿಸಿದರಾಯಿತು. ಆಮೇಲೆ ಬಲಿಪೀಠದಲ್ಲಿ ಪಾದ್ರಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಎತ್ತಿಹಿಡಿದು ಪ್ರಾರ್ಥಿಸುತ್ತಾರೆ. ಗಂಟೆ ಬಾರಿಸುತ್ತದೆ, ಸಭೆ ಮೊಣಕಾಲೂರುತ್ತದೆ. ಅವು ಆ ಹೊತ್ತಿನಲ್ಲಿ ಯೇಸುವಿನ ಶರೀರ ಮತ್ತು ರಕ್ತವಾಗುತ್ತವೆ ಎಂಬುದು ಅವರ ವಿಶ್ವಾಸ. ನಾವು ಮೊಣಕಾಲೂರಬಾರದು, ತಲೆ ಬಾಗಿಸಬಾರದು; ರುಕೂಅ್, ಸುಜೂದ್ ಅಲ್ಲಾಹನಿಗೆ ಮಾತ್ರ. ಹಾಗೆಂದು ಎಲ್ಲರ ನಡುವೆ ಕಂಬದಂತೆ ನಿಲ್ಲುವುದೂ ಚೆನ್ನಲ್ಲ. ಕುಳಿತಿರಿ, ಸಾಕು. ಮಂಡಿನೋವಿನ ವೃದ್ಧರೂ ಕುಳಿತೇ ಇರುತ್ತಾರೆ.

ಸ್ವಲ್ಪ ಹೊತ್ತಿನಲ್ಲಿ ಪಾದ್ರಿ ಪರಸ್ಪರ ಶಾಂತಿ ಕೋರಿ ಎನ್ನುತ್ತಾರೆ. ಸುತ್ತಲಿನವರು ನಿಮ್ಮ ಕಡೆ ತಿರುಗಿ ಕೈಮುಗಿಯುತ್ತಾರೆ ಅಥವಾ ಕೈಕುಲುಕುತ್ತಾರೆ. ಇದು ಮನುಷ್ಯರು ಮನುಷ್ಯರಿಗೆ ಹೇಳುವ ಮಾತು. ಎದೆಯ ಮೇಲೆ ಕೈಯಿಟ್ಟು ನಗುಮುಖದಿಂದ ಪ್ರತಿಕ್ರಿಯಿಸಿ, ಮುಖ ತಿರುಗಿಸಬೇಡಿ.

ಇದರ ಬೆನ್ನಿಗೇ ಬರುವುದು ಪರಮ ಪ್ರಸಾದ. ನಮ್ಮವರು ಎಡವುವುದು ಇಲ್ಲಿಯೇ, ಅದೂ ಒಳ್ಳೆಯ ಮನಸ್ಸಿನಿಂದ. ಬೆಂಚಿನಲ್ಲಿದ್ದವರೆಲ್ಲ ಎದ್ದು ಸಾಲಿನಲ್ಲಿ ಮುಂದೆ ಹೋಗುತ್ತಾರೆ. ಒಬ್ಬನೇ ಕುಳಿತರೆ ಏನು ತಿಳಿದಾರು ಎಂದು ಅತಿಥಿಯೂ ಎದ್ದು ಸಾಲು ಸೇರುತ್ತಾನೆ. ಎದುರು ಬಂದಾಗ ಗೋಧಿಯ ತೆಳ್ಳಗಿನ ಬಿಳಿ ಬಿಲ್ಲೆಯೊಂದು ಅಂಗೈಗೆ ಬೀಳುತ್ತದೆ. ತಿನ್ನಲೋ ಬೇಡವೋ ತಿಳಿಯದೆ ಜೇಬಿಗೆ ಹಾಕಿಕೊಂಡು ಹಿಂದೆ ಬಂದರೆ ಏನಾಗುತ್ತದೆ? ನಮ್ಮ ದೃಷ್ಟಿಯಲ್ಲಿ ಅವರ ಆರಾಧನೆಯ ಕೇಂದ್ರ ಕ್ರಿಯೆಯಲ್ಲೇ ಪಾಲುಗೊಂಡಂತೆ. ಅವರ ದೃಷ್ಟಿಯಲ್ಲಿ ಅದಕ್ಕಿಂತಲೂ ಘೋರ: ಪವಿತ್ರ ಶರೀರವನ್ನು ಜೇಬಿಗಿಳಿಸಿದಂತೆ. ಕುರ್‌ಆನಿನ ಹಾಳೆಯನ್ನು ಯಾರಾದರೂ ಮಡಚಿ ಚಪ್ಪಲಿಯ ಚೀಲಕ್ಕೆ ತುರುಕಿದರೆ ನಮಗೆ ಹೇಗಾಗುತ್ತದೋ ಅಂಥ ನೋವು. ಮರ್ಯಾದೆ ಮಾಡಲು ಹೋಗಿ ಎರಡು ಧರ್ಮಗಳ ಮರ್ಯಾದೆಯನ್ನೂ ಒಟ್ಟಿಗೆ ಕಳೆದಂತಾಯಿತು.

ಆದ್ದರಿಂದ ಏಳಬೇಡಿ. ಒಳಬದಿಯಲ್ಲಿ ಕುಳಿತವರಿಗೆ ದಾರಿ ಬೇಕಾದರೆ ಕಾಲು ಸರಿಸಿ, ಇಲ್ಲವೇ ಎದ್ದು ಪಕ್ಕಕ್ಕೆ ನಿಂತು ಮತ್ತೆ ಕುಳಿತುಕೊಳ್ಳಿ. ಬೆಂಚಿನ ತುದಿ ಹಿಡಿಯಿರಿ ಎಂದದ್ದು ಇದಕ್ಕೇ. ನೀವೊಬ್ಬರೇ ಉಳಿಯುವುದೂ ಇಲ್ಲ. ಗಂಭೀರ ಪಾಪ ಮಾಡಿ ಇನ್ನೂ ಪಾಪನಿವೇದನೆ ಮಾಡದ ಕಥೋಲಿಕರೂ ಪ್ರಸಾದ ಸ್ವೀಕರಿಸುವಂತಿಲ್ಲ, ಚಿಕ್ಕ ಮಕ್ಕಳಿಗೂ ಕೊಡುವುದಿಲ್ಲ. ಇನ್ನು ವೈನ್‌ನ ಭಯ: ನಮ್ಮ ಕಡೆಯ ಸಾಮಾನ್ಯ ಬಲಿಪೂಜೆಯಲ್ಲಿ ಅದನ್ನು ಕುಡಿಯುವವರು ಪಾದ್ರಿ, ಜನರಿಗೆ ಬಿಲ್ಲೆ ಮಾತ್ರ. ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ಈ ವಿಧಿ ನಡೆಯುವ ದಿನ ಪಾತ್ರೆಯೂ ಜನರಿಗೆ ಬರುತ್ತದೆ, ಅಲ್ಲಿ ಇನ್ನಷ್ಟು ಎಚ್ಚರ ಬೇಕು.

ಅಂತ್ಯಕ್ರಿಯೆಯ ಪೂಜೆಯಾದರೆ ಕೊನೆಯಲ್ಲಿ ಪಾದ್ರಿ ಶವಪೆಟ್ಟಿಗೆಗೆ ನೀರು ಚಿಮುಕಿಸಿ ಧೂಪ ಹಾಕುತ್ತಾರೆ. ಹನಿ ನಮ್ಮ ಮೇಲೆ ಬಿದ್ದರೆ ಗಾಬರಿ ಬೇಡ, ಅದು ನೀರು. ಬಟ್ಟೆ ನಜಸ್ ಆಗುವುದಿಲ್ಲ. ನಂತರ ಎಲ್ಲರೂ ಸಮಾಧಿ ಭೂಮಿಗೆ ನಡೆಯುತ್ತಾರೆ. ಅಲ್ಲಿ ಬಂದವರೆಲ್ಲ ಹಿಡಿ ಮಣ್ಣು ಹಾಕುತ್ತಾರೆ. ನಮ್ಮಲ್ಲೂ ಕಬರಿಗೆ ಮೂರು ಹಿಡಿ ಮಣ್ಣು ಹಾಕುವ ಸುನ್ನತ್ ಇರುವುದರಿಂದ ನಮ್ಮವರ ಕೈ ಇಲ್ಲಿ ಅಳುಕುವುದಿಲ್ಲ. ಮಣ್ಣು ಹಾಕಿ, ಮನೆಯವರ ಕೈ ಹಿಡಿದು ಸಾಂತ್ವನದ ಮಾತು ಹೇಳಿ. ಮೃತರಿಗಾಗಿ ಮಗ್‌ಫಿರತ್ ಬೇಡುವ ವಿಷಯ ಬೇರೆ, ಅದಕ್ಕೆ ನಮ್ಮ ವಿದ್ವಾಂಸರು ಮಿತಿ ಹೇಳಿದ್ದಾರೆ. ಬದುಕಿರುವವರಿಗೆ ಅಲ್ಲಾಹನು ಸಹನೆ ಕೊಡಲಿ ಎನ್ನಲು ಯಾವ ಮಿತಿಯೂ ಇಲ್ಲ. ಅಂತ್ಯಕ್ರಿಯೆ ಸಂಜೆ ನಾಲ್ಕಕ್ಕೆಂದರೆ ಅಸರ್ ನಮಾಝಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಪೂಜೆ, ದಫನ ಎಲ್ಲ ಸೇರಿ ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ. ಸಮಯವಾಗಿದ್ದರೆ ಹತ್ತಿರದ ಮಸೀದಿಯಲ್ಲಿ ಮುಗಿಸಿಯೇ ಹೊರಡಿ.

ಮದುವೆಯ ಪೂಜೆಯೂ ಇದೇ ಕ್ರಮ, ನಡುವೆ ವಿವಾಹ ವಿಧಿ ಇರುತ್ತದೆ. ಅದಕ್ಕೂ ನಮ್ಮ ನಿಕಾಹ್‌ನಂತೆ ಇಬ್ಬರು ಸಾಕ್ಷಿಗಳು ಬೇಕು. ನಮ್ಮಲ್ಲಿ ವಧುವಿನ ಪರವಾಗಿ ವಲಿ ಮಾತಾಡಿದರೆ ಅಲ್ಲಿ ವಧುವೇ ಸಭೆಯೆದುರು ಗಟ್ಟಿಯಾಗಿ ಒಪ್ಪಿಗೆ ಹೇಳುತ್ತಾಳೆ. ಹಾಲ್‌ನ ಔತಣದಲ್ಲಿ ಮದ್ಯ, ಹಂದಿಮಾಂಸ ಇರುವ ಸಾಧ್ಯತೆ ಇದ್ದೇ ಇದೆ. ಚರ್ಚಿನ ಅಂಗಳದಲ್ಲೇ ಶುಭ ಕೋರಿ ಉಡುಗೊರೆ ಕೊಟ್ಟು ಬರುವುದು ಸುಲಭದ ದಾರಿ. ಆತ್ಮೀಯರಾದರೆ ಮೊದಲೇ ಹೇಳಿಬಿಡಿ, ಅವರು ಬೇಸರಿಸುವುದಿಲ್ಲ.

ಸಾವಿನ ಮನೆಗೆ ಊಟ ಕಳಿಸುವುದನ್ನು ಮರೆಯಬೇಡಿ. ಜಅ್‌ಫರ್(ರ) ಹುತಾತ್ಮರಾದಾಗ ಅವರ ಮನೆಯವರಿಗೆ ಅಡುಗೆ ಮಾಡಿ ಕೊಡಿ ಎಂದು ಪ್ರವಾದಿ(ಸ) ಹೇಳಿದ್ದರಲ್ಲ, ಈ ಸುನ್ನತ್ತಿಗೆ ಚರ್ಚಿನ ಬಾಗಿಲು ದಾಟಬೇಕಾಗಿಯೂ ಇಲ್ಲ. ಒಂದೇ ಎಚ್ಚರ: ಈಸ್ಟರ್‌ಗೆ ಮುಂಚಿನ ಅವರ ತಪಸ್ಸುಕಾಲದಲ್ಲಿ ಶುಕ್ರವಾರ ಮಾಂಸ ತಿನ್ನುವುದಿಲ್ಲ. ಆ ದಿನವಾದರೆ ಬಿರಿಯಾನಿ ಬೇಡ, ಅನ್ನ ಮತ್ತು ಮೀನು ಸಾರು ಕಳಿಸಿ.