ಕಾದ ಜೀಪಿನ ಮುನಿಸು

ಚಾರ್ಮಾಡಿ ಘಾಟಿಯನ್ನು ಒಂದಿಷ್ಟೂ ಗೊಣಗದೆ ಹತ್ತಿದ ಜೀಪು ಅದು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ನೀರುದೋಸೆ ತಿಂದು, ಇಪ್ಪತ್ತು ನಿಮಿಷ ಬಿಟ್ಟು ಬಂದು ಸೆಲ್ಫ್ ತುಳಿದರೆ ಎಂಜಿನ್ ಸುಮ್ಮನೆ ತಿರುಗುತ್ತದೆ, ಹಿಡಿಯುವುದಿಲ್ಲ. ಅಷ್ಟರಲ್ಲಿ ನಾಲ್ಕು ಜನ ಸೇರಿರುತ್ತಾರೆ. ಒಬ್ಬರು ವೇಪರ್ ಲಾಕ್ ಎನ್ನುತ್ತಾರೆ, ಇನ್ನೊಬ್ಬರು ಏರ್ ಹಿಡಿದಿದೆ ಎನ್ನುತ್ತಾರೆ, ಮೂರನೆಯವರು ಯಾರನ್ನೂ ಕೇಳದೆ ಪೆಟ್ರೋಲ್ ಎಳೆಯುವ ಎಸಿ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತಾರೆ. ಮುಕ್ಕಾಲು ಗಂಟೆ ಕಳೆದ ಮೇಲೆ ಜೀಪು ತಾನಾಗಿಯೇ ಸ್ಟಾರ್ಟ್ ಆಗುತ್ತದೆ. ಕೀರ್ತಿಯೆಲ್ಲ ಒದ್ದೆ ಬಟ್ಟೆಗೆ.

ಜೀಪು ಎಂದರೆ ಇಲ್ಲಿ ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ. ಅದನ್ನೇ ಹೋಲುವ ಫೋರ್ಡ್ ಜಿಪಿಡಬ್ಲ್ಯು ಕೂಡ ಸೇರಿದರೆ 1941ರಿಂದ 1945ರ ನಡುವೆ ಆರು ಲಕ್ಷಕ್ಕೂ ಹೆಚ್ಚು ತಯಾರಾದವು. 2.2 ಲೀಟರಿನ, 60 ಅಶ್ವಶಕ್ತಿಯ ‘ಗೋ ಡೆವಿಲ್’ ಎಂಜಿನ್, ಕಾರ್ಟರ್ ಡಬ್ಲ್ಯುಒ ಕಾರ್ಬೋರೇಟರ್, 6 ವೋಲ್ಟ್ ಬ್ಯಾಟರಿ. 1947ರಿಂದ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಹೀಗೆ ಮಿಲಿಟರಿ ಡಿಸ್ಪೋಸಲ್ ಜೀಪುಗಳೂ ಅವುಗಳ ಸೋದರಸಂಬಂಧಿಗಳೂ ಮಲೆನಾಡಿನ ಕಾಫಿ ತೋಟಗಳ ಶೆಡ್ಡುಗಳಲ್ಲಿ ಬೀಡುಬಿಟ್ಟವು. ಅವುಗಳ ಜೊತೆಗೆ ಬಂದ ನಂಬಿಕೆಗಳೂ ಬೀಡುಬಿಟ್ಟಿವೆ.

“ಬಿಸಿಯಲ್ಲಿ ಹಿಡಿಯದಿದ್ದರೆ ವೇಪರ್ ಲಾಕ್ ಅಲ್ಲದೆ ಇನ್ನೇನು?”

ಬಹಳ ಸಲ ಅದು ವೇಪರ್ ಲಾಕಿಗೆ ಪೂರಾ ತದ್ವಿರುದ್ಧ. ವೇಪರ್ ಲಾಕ್ ಎಂದರೆ ಪೈಪಿನಲ್ಲಿ ಅಥವಾ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ, ಪಂಪು ದ್ರವದ ಬದಲು ಆವಿಯನ್ನೇ ಹಿಂಡುತ್ತ ಕೂರುವುದು. ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ, ಪಂಪು ಎಂಜಿನ್ನಿನ ಮೈಮೇಲೆ. ಅಷ್ಟು ದೂರ ಪೆಟ್ರೋಲನ್ನು ಎಳೆಯಬೇಕು. ಎಳೆತದಲ್ಲಿ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದರೆ ಬೇಗ ಕುದಿಯುತ್ತದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಓಡುವಾಗ: ಏರಿನಲ್ಲಿ ಗಾಡಿ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ನಿಲ್ಲುತ್ತದೆ.

ನಿಲ್ಲಿಸಿಟ್ಟು ಬಂದಾಗ ಕಾಡುವುದು ಬೇರೆ. ಈ ಎಂಜಿನ್ನಿನಲ್ಲಿ ಒಳಹರಿವಿನ ಮ್ಯಾನಿಫೋಲ್ಡೂ ಹೊಗೆಯ ಮ್ಯಾನಿಫೋಲ್ಡೂ ಒಂದೇ ಮಗ್ಗುಲಲ್ಲಿ, ಒಂದಕ್ಕೊಂದು ಅಂಟಿಕೊಂಡು ಇವೆ. ಅವುಗಳ ಮೇಲೆ, ಒಲೆಯ ಮೇಲಿಟ್ಟ ಪಾತ್ರೆಯಂತೆ, ಕಾರ್ಬೋರೇಟರ್. ಓಡುವಾಗ ಫ್ಯಾನಿನ ಗಾಳಿ, ಒಳಬರುವ ತಂಪು ಪೆಟ್ರೋಲ್ ಎರಡೂ ಅದನ್ನು ಕಾಪಾಡುತ್ತವೆ. ಎಂಜಿನ್ ಆಫ್ ಮಾಡಿದ ಕ್ಷಣ ಎರಡೂ ನಿಲ್ಲುತ್ತವೆ, ಎರಕದ ಕಬ್ಬಿಣದಲ್ಲಿ ತುಂಬಿಕೊಂಡಿದ್ದ ಕಾವು ಮೇಲೇರುತ್ತದೆ. ಪೆಟ್ರೋಲಿನ ಹಗುರ ಅಂಶಗಳು 35-40 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕುದಿಯಲು ಶುರು. ಕಾರ್ಬೋರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಹಾಲಿನಂತೆ ಉಕ್ಕಿ, ನಳಿಕೆಯ ಮೂಲಕ ಚೆಲ್ಲಿ, ಮ್ಯಾನಿಫೋಲ್ಡಿಗೆ ಸುರಿಯುತ್ತದೆ. ಪ್ಲಗ್ಗುಗಳು ನೆನೆಯುತ್ತವೆ. ಮೆಕ್ಯಾನಿಕ್‌ಗಳು ‘ಓವರ್‌ಫ್ಲೋ’ ಎನ್ನುವುದು ಇದನ್ನೇ. ವೇಪರ್ ಲಾಕಿನಲ್ಲಿ ಪೆಟ್ರೋಲ್ ಇಲ್ಲ, ಇಲ್ಲಿ ಬೇಕಾದ್ದಕ್ಕಿಂತ ಹೆಚ್ಚು. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ವಿಷ.

ನಿಲ್ಲಿಸಿದ ಒಂದೇ ನಿಮಿಷಕ್ಕೆ ಸೆಲ್ಫ್ ಹೊಡೆದರೆ ಹಿಡಿಯುವ ಗಾಡಿ ಕಾಲು ಗಂಟೆ ಬಿಟ್ಟರೆ ಹಿಡಿಯದೆ, ಗಂಟೆ ಕಳೆದ ಮೇಲೆ ಮತ್ತೆ ಹಿಡಿಯುವುದೇಕೆ ಎಂಬುದಕ್ಕೂ ಇದೇ ಉತ್ತರ. ಬಟ್ಟಲು ಅತಿ ಹೆಚ್ಚು ಕಾಯುವುದು ಆ ನಡುವಿನ ಹೊತ್ತಿನಲ್ಲಿ.

ಪತ್ತೆಹಚ್ಚುವುದು ಕಷ್ಟವಲ್ಲ, ಆದರೆ ಜೀಪು ಮುನಿದಿರುವಾಗಲೇ ನೋಡಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ, ಮೆಕ್ಯಾನಿಕ್ ನಿಮ್ಮನ್ನೇ ಅನುಮಾನದಿಂದ ನೋಡುತ್ತಾನೆ. ಇಗ್ನಿಷನ್ ಆಫ್ ಮಾಡಿ, ಬೀಡಿ ಸಿಗರೇಟು ಸೇದುವವರನ್ನು ದೂರ ಕಳಿಸಿ, ಕಾರ್ಬೋರೇಟರಿನ ಬಾಯಿ ಬಿಚ್ಚಿ ಟಾರ್ಚ್ ಬಿಡಿ. ನಳಿಕೆಯಿಂದ ಪೆಟ್ರೋಲ್ ಜಿನುಗುತ್ತಿದ್ದರೆ ಅದು ಓವರ್‌ಫ್ಲೋ. ಜಿನುಗದಿದ್ದರೆ ಆಕ್ಸಿಲರೇಟರ್ ಲಿವರನ್ನು ಒಮ್ಮೆ ಕೈಯಿಂದ ಎಳೆಯಿರಿ. ಪಿಚಕಾರಿಯಂತೆ ಎಳೆ ಚಿಮ್ಮಿತೇ? ಬಟ್ಟಲಿನಲ್ಲಿ ಪೆಟ್ರೋಲ್ ಇದೆ, ದೋಷ ಬೇರೆ ಕಡೆ ಹುಡುಕಿ. ಏನೂ ಚಿಮ್ಮದಿದ್ದರೆ ಬಟ್ಟಲು ಆರಿದೆ. ಎಸಿ ಪಂಪು, ಪೈಪು, ಟ್ಯಾಂಕಿನ ಮುಚ್ಚಳದ ಕಡೆ ಹೋಗಿ. ಮುಚ್ಚಳದ ಗಾಳಿತೂತು ಕಟ್ಟಿದ್ದರೆ ತೆಗೆಯುವಾಗ ‘ಸ್ಸ್’ ಎಂದು ಗಾಳಿ ಒಳಗೆಳೆದ ಸದ್ದು ಕೇಳುತ್ತದೆ. ಅದೊಂದನ್ನು ಸರಿಪಡಿಸಿ ಎಷ್ಟೋ ‘ವೇಪರ್ ಲಾಕ್’ಗಳನ್ನು ವಾಸಿಮಾಡಬಹುದು.

“ಸ್ವಲ್ಪ ಚೋಕ್ ಎಳೆದು ನೋಡಿ”

ಉಕ್ಕಿ ನೆನೆದ ಎಂಜಿನ್ನಿಗೆ ಚೋಕ್ ಎಳೆಯುವುದು ಅಜೀರ್ಣವಾದವನಿಗೆ ಇನ್ನೊಂದು ಹೋಳಿಗೆ ಬಡಿಸಿದ ಹಾಗೆ. ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿಯುವುದೂ ಅಷ್ಟೇ. ಪ್ರತಿ ತುಳಿತಕ್ಕೂ ಕಾರ್ಟರಿನೊಳಗಿನ ಪುಟ್ಟ ಪಂಪು ಇನ್ನಷ್ಟು ಪೆಟ್ರೋಲ್ ಚಿಮ್ಮಿಸುತ್ತದೆ. ಬೇಕಾದದ್ದು ಗಾಳಿ. ಥ್ರಾಟಲನ್ನು ಒಮ್ಮೆ ನಿಧಾನವಾಗಿ ಪೂರ್ತಿ ತೆರೆದು, ಹಾಗೆಯೇ ಹಿಡಿದು, ಸೆಲ್ಫ್ ಹೊಡೆಯಬೇಕು. ಎಂಬಿಯಲ್ಲಿ ಸೆಲ್ಫ್ ಕೂಡ ಬಲಗಾಲಿನ ಕೆಲಸವೇ, ಹಾಗಾಗಿ ಒಂದು ಕಾಲಿಗೆ ಎರಡು ಕೆಲಸ ಬೀಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹ್ಯಾಂಡ್ ಥ್ರಾಟಲ್ ಗುಂಡಿ ಇರುವುದನ್ನು ಬಹಳ ಜನ ಮರೆತಿದ್ದಾರೆ. ಅದನ್ನು ಎಳೆದಿಡಿ, ಕಾಲನ್ನು ಸೆಲ್ಫಿಗೆ ಬಿಡಿ. ಹಿಡಿದ ತಕ್ಷಣ ಗುಂಡಿ ಒಳಗೆ ತಳ್ಳುವುದನ್ನು ಮಾತ್ರ ಮರೆಯಬೇಡಿ.

“ಅಮೆರಿಕದ ಚಳಿಗೆ ಮಾಡಿದ ಗಾಡಿ, ನಮ್ಮ ಸೆಕೆಗೆ ಒಗ್ಗುವುದಿಲ್ಲ”

ಇದೇ ಜೀಪು ಉತ್ತರ ಆಫ್ರಿಕದ ಮರಳಿನಲ್ಲೂ ಬರ್ಮಾದ ಕಾಡಿನಲ್ಲೂ ಓಡಿದೆ. ಆದರೆ ಮಾತಿನಲ್ಲಿ ಒಂದೆಳೆ ನಿಜವಿದೆ. ಚಳಿಯಲ್ಲಿ ಪೆಟ್ರೋಲ್ ಬೇಗ ಆವಿಯಾಗಲಿ ಎಂದು ಮ್ಯಾನಿಫೋಲ್ಡಿನೊಳಗೆ ಒಂದು ಕವಾಟ ಇಟ್ಟಿದ್ದಾರೆ. ಎಂಜಿನ್ ತಣ್ಣಗಿರುವಾಗ ಅದು ಬಿಸಿ ಹೊಗೆಯನ್ನು ಕಾರ್ಬೋರೇಟರಿನ ಬುಡದತ್ತ ತಿರುಗಿಸುತ್ತದೆ; ಎಂಜಿನ್ ಕಾದಂತೆ ಹೊರಗಿನ ಸುರುಳಿ ಸ್ಪ್ರಿಂಗು ಸಡಿಲಗೊಂಡು, ತೂಕದ ತುಂಡು ಇಳಿದು, ಹೊಗೆ ನೇರ ಸೈಲೆನ್ಸರಿಗೆ ಹೋಗಬೇಕು. ಎಂಬತ್ತು ವರ್ಷದ ತುಕ್ಕಿನಲ್ಲಿ ಈ ಕವಾಟ ಬಿಸಿ ಸ್ಥಾನದಲ್ಲೇ ಕಚ್ಚಿಕೊಂಡಿರುವ ಜೀಪುಗಳಿಗೆ ಲೆಕ್ಕವಿಲ್ಲ. ಅಂಥ ಗಾಡಿಯಲ್ಲಿ ಕಾರ್ಬೋರೇಟರ್ ದಿನವಿಡೀ ಒಲೆಯ ಮೇಲೆ. ಎಂಜಿನ್ ತಣ್ಣಗಿದ್ದಾಗ ಆ ತೂಕವನ್ನು ಬೆರಳಿನಿಂದ ಅಲುಗಾಡಿಸಿ ನೋಡಿ. ಅಲುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮಾರನೆಯ ದಿನ ಮೆಲ್ಲಗೆ ತಟ್ಟಿ. ನಮ್ಮ ಹವೆಯಲ್ಲಿ ಅದು ತಂಪು ಸ್ಥಾನದಲ್ಲೇ ನಿಂತುಬಿಟ್ಟರೂ ನಷ್ಟವಿಲ್ಲ, ಬೆಳಗ್ಗೆ ಚೋಕ್ ಎರಡು ನಿಮಿಷ ಹೆಚ್ಚು ಬೇಕಾದೀತು. ಕಾರ್ಬೋರೇಟರಿನ ಬುಡಕ್ಕೆ ದಪ್ಪನೆಯ ಬೇಕಲೈಟ್ ತುಂಡು ಕೊಡುವುದೂ ಒಳ್ಳೆಯದೇ, ಆದರೆ ಕವಾಟ ಬಿಡಿಸಿದ ಮೇಲೆ.

“ಸೆಲ್ಫ್ ತಿರುಗುತ್ತಿದೆಯಲ್ಲ, ಕರೆಂಟಿನದು ಏನೂ ಇಲ್ಲ”

ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಮಾತು ಇದು. ತಿರುಗುವುದು ಬೇರೆ, ಬೇಕಾದ ವೇಗದಲ್ಲಿ ತಿರುಗುವುದು ಬೇರೆ. 12 ವೋಲ್ಟಿನ ಗಾಡಿಗಿಂತ 6 ವೋಲ್ಟಿನದು ಅದೇ ಕೆಲಸಕ್ಕೆ ಎರಡು ಪಟ್ಟು ಕರೆಂಟು ಎಳೆಯುತ್ತದೆ. ಹಾಗಾಗಿ ತುಕ್ಕು ಹಿಡಿದ ಒಂದೇ ಕೀಲು ಎರಡು ಪಟ್ಟು ವೋಲ್ಟ್ ನುಂಗುತ್ತದೆ. ಇರುವ ವೋಲ್ಟೇ ಅರ್ಧದಷ್ಟಾದ್ದರಿಂದ ಪೆಟ್ಟು ನಾಲ್ಕು ಪಟ್ಟು. ಬಿಸಿಯಾದಾಗ ಸೆಲ್ಫ್ ಮೋಟಾರಿನ ತಾಮ್ರದ ಪ್ರತಿರೋಧವೂ ಏರುತ್ತದೆ. ಬ್ಯಾಟರಿಯ ಬಲವನ್ನೆಲ್ಲ ಸೆಲ್ಫ್ ಹೀರಿದ ಮೇಲೆ ಕಿಡಿ ಹುಟ್ಟಿಸುವ ಕಾಯಿಲಿಗೆ ಉಳಿಯುವುದು ಎಂಜಲು. ಕಿಡಿ ಬಡವಾಗುತ್ತದೆ, ಜನ ಕಾರ್ಬೋರೇಟರ್ ಬಿಚ್ಚುತ್ತಾರೆ.

ಇದಕ್ಕೆ ಜೀಪಿನ ಜೊತೆಗೇ ಬಂದ ಪರೀಕ್ಷೆ ಒಂದಿದೆ: ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್. ಕಾದ ಜೀಪು ಸೆಲ್ಫಿಗೆ ಹಿಡಿಯದೆ ಹ್ಯಾಂಡಲಿಗೆ ಥಟ್ಟನೆ ಹಿಡಿದರೆ, ತಪ್ಪು ಪೆಟ್ರೋಲಿನದಲ್ಲ. ಹ್ಯಾಂಡಲ್ ಹೊಡೆಯುವಾಗ ಬ್ಯಾಟರಿ ಪೂರ್ತಿ ಕಾಯಿಲಿನದು. ಗೇರು ನ್ಯೂಟ್ರಲ್‌ನಲ್ಲಿರಲಿ, ಹೆಬ್ಬೆರಳು ಉಳಿದ ಬೆರಳುಗಳ ಪಕ್ಕಕ್ಕೇ ಇರಲಿ, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ತಿರುಗೇಟು ಕೊಟ್ಟರೆ ಮಣಿಕಟ್ಟು ಉಳಿಯುತ್ತದೆ. ಆಮೇಲೆ ಮೀಟರ್ ತೆಗೆದುಕೊಳ್ಳಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಮೇಲಿಟ್ಟು ಸೆಲ್ಫ್ ತುಳಿಸಿ. 0.2 ವೋಲ್ಟ್ ದಾಟಿದರೆ ಅರ್ಥಿಂಗ್ ಕೆಟ್ಟಿದೆ. ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ. ಅದನ್ನು ಚಾಸಿಗೆ ಕಟ್ಟುವ ಹೆಣೆದ ತಾಮ್ರದ ಪಟ್ಟಿಯನ್ನು ಬಣ್ಣ ಬಳಿಯುವಾಗ ಬಿಚ್ಚಿ ಮತ್ತೆ ಹಾಕದೆ ಬಿಟ್ಟವರಿದ್ದಾರೆ, ಬಣ್ಣದ ಮೇಲೆಯೇ ಬಿಗಿದವರೂ ಇದ್ದಾರೆ. ಇನ್ನು ಬ್ಯಾಟರಿ ವೈರು: ಇಂದಿನ ಕಾರಿನ ತೆಳು ವೈರು ಇದಕ್ಕೆ ಸಾಲದು, ಹೆಬ್ಬೆರಳಿನಷ್ಟು ದಪ್ಪ ಬೇಕು.

“ಡಬ್ಬಿ ಒಡೆಯದ ಹಳೆಯ ಒರಿಜಿನಲ್ ಕಂಡೆನ್ಸರ್ ಸಿಕ್ಕಿದೆ, ಇನ್ನು ಚಿಂತೆಯಿಲ್ಲ”

ಚಿಂತೆ ಶುರುವಾಗುವುದೇ ಅಲ್ಲಿಂದ. ಆ ಕಾಲದ ಕಂಡೆನ್ಸರಿನೊಳಗೆ ಇರುವುದು ಕಾಗದ. ಡಬ್ಬಿಯಲ್ಲಿದ್ದರೂ ತೇವ ಹೀರಿ ಹಾಳಾಗುತ್ತದೆ. ತಣ್ಣಗಿದ್ದಾಗ ಸರಿ, ಕಾದಾಗ ಸೋರುತ್ತದೆ. ಹಳೆಯ ಕಾಯಿಲಿನ ಚಾಳಿಯೂ ಇದೇ. ಜೀಪು ಮುನಿದಾಗ ಕಿಡಿ ನೋಡಿ: ನೀಲಿಯಾಗಿ ಚಟ್ ಎನ್ನಬೇಕು. ಹಳದಿಯಾಗಿ ನೂಲಿನಂತಿದ್ದರೆ ಹೊಸ ಕಂಡೆನ್ಸರ್ ಹಾಕಿ.

“ಎಲೆಕ್ಟ್ರಿಕ್ ಪಂಪು ಹಾಕಿಸಿದರೆ ಎಲ್ಲ ತೀರಿತು”

ಟ್ಯಾಂಕಿನ ಬಳಿಯಿಂದ ನೂಕುವ ಪಂಪು ನಿಜವಾದ ವೇಪರ್ ಲಾಕಿಗೆ ಒಳ್ಳೆಯ ಮದ್ದು. ಆದರೆ ಕಾರ್ಟರಿನ ಸೂಜಿ ತಡೆಯುವುದು ಚದರ ಅಂಗುಲಕ್ಕೆ ಎರಡು ಮೂರು ಪೌಂಡ್ ಒತ್ತಡವನ್ನಷ್ಟೇ. ಅಂಗಡಿಯಲ್ಲಿ ಸಿಕ್ಕಿದ ಯಾವುದೋ ಪಂಪು ಅದರ ಎರಡು ಪಟ್ಟು ನೂಕಿದರೆ ಬರವಿದ್ದಲ್ಲಿ ನೆರೆ ಬರುತ್ತದೆ. ಎಂಜಿನ್ ನಿಂತ ಮೇಲೂ, ಗಾಡಿ ಮಗುಚಿದ ಮೇಲೂ ಪಂಪು ಓಡುತ್ತಲೇ ಇರಬಹುದು. ತಾನಾಗಿ ನಿಲ್ಲುವ ಸ್ವಿಚ್ ಇಲ್ಲದೆ ಹಾಕಿಸಲೇಬಾರದು.

“ದುಬಾರಿ ಪೆಟ್ರೋಲ್ ಹಾಕಿ”

ಆಕ್ಟೇನ್ ಹೆಚ್ಚಿರುವ ಪೆಟ್ರೋಲ್ ಎಂಜಿನ್ ಬಡಿಯದಂತೆ ತಡೆಯುತ್ತದೆ. ಅದು ಎಷ್ಟು ಬೇಗ ಕುದಿಯುತ್ತದೆ ಎಂಬುದು ಬೇರೆ ಸಂಗತಿ. 6.48:1 ಸಂಕೋಚನದ ಈ ಎಂಜಿನ್ನಿಗೆ ಅಂದು 68 ಆಕ್ಟೇನ್ ಸಾಕಾಗುತ್ತಿತ್ತು; ಬಂಕಿನ ಸಾದಾ ಪೆಟ್ರೋಲೇ ಅದಕ್ಕೆ ಹಬ್ಬದೂಟ.

ಪೆಟ್ರೋಲಿಗೆ ಎಥನಾಲ್ ಬೆರೆಸುವುದರ ಬಗೆಗಿನ ತಕರಾರು ಮಾತ್ರ ನಿಜ. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ, ಹಾಗಾಗಿ ಬೆರೆಸಿದರೆ ಒಳ್ಳೆಯದೇ ಅಲ್ಲವೇ ಎಂದು ಗೆಳೆಯರೊಬ್ಬರು ವಾದಿಸಿದ್ದರು. ಆದರೆ ಪೆಟ್ರೋಲಿನ ಹಗುರ ಅಂಶಗಳ ಜೊತೆ ಸೇರಿದಾಗ ಎರಡೂ ತಮ್ಮ ತಮ್ಮ ಕುದಿಬಿಂದುವಿಗಿಂತ ಕೆಳಗೇ ಕುದಿಯತೊಡಗುತ್ತವೆ. ಮೇಲಾಗಿ ಪೆಟ್ರೋಲ್ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಎಥನಾಲಿಗೆ 9 ಪಾಲು ಸಾಕು. ಅದೇ ಹಳೆಯ ಜೆಟ್ಟಿನಲ್ಲಿ ಶೇಕಡ 20 ಎಥನಾಲ್ ಬೆರೆತ ಇ20 ಹರಿದರೆ ಮಿಶ್ರಣ ತೆಳುವಾಗುತ್ತದೆ. ಎಸಿ ಪಂಪಿನ ಹಳೆಯ ಡಯಾಫ್ರಾಮೂ ರಬ್ಬರ್ ಪೈಪೂ ಉಬ್ಬುತ್ತವೆ, ಬಿರಿಯುತ್ತವೆ. ಬಿರುಕಿನಿಂದ ಪಂಪು ಗಾಳಿ ಎಳೆದುಕೊಂಡರೆ ಲಕ್ಷಣವೆಲ್ಲ ಥೇಟ್ ವೇಪರ್ ಲಾಕ್. ಎಥನಾಲ್ ತಾಳುವ ಕಿಟ್ ಹಾಕಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಬಟ್ಟಲು ಬರಿದು ಮಾಡಿ.

ಪೈಪಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ ಸಿಕ್ಕಿಸಿದರೆ ಕಾವು ಇಳಿಯುತ್ತದೆಂಬುದು ಅಮೆರಿಕದವರ ನಂಬಿಕೆ. ಮರ ಕಾವನ್ನು ಒಯ್ಯುವುದು ತೀರಾ ಕಡಿಮೆ. ನಮ್ಮ ಒದ್ದೆ ಬಟ್ಟೆಯೇ ವಾಸಿ. ಸೆಲ್ಫ್ ಹೊಡೆಯುತ್ತಿರುವಾಗ ಬಾಟಲಿಯಿಂದ ಕಾರ್ಬೋರೇಟರಿನ ಬಾಯಿಗೆ ಪೆಟ್ರೋಲ್ ಸುರಿಯುವ ವೀರರಿಗೆ ಮಾತ್ರ ಕೈಮುಗಿದು ಹೇಳುತ್ತೇನೆ, ಬೇಡ. ಎಂಜಿನ್ ಒಮ್ಮೆ ಹಿಂದಕ್ಕೆ ಉಗಿದರೆ ಬಾಟಲಿಯ ಜೊತೆ ಕೈಯೂ ಹೊತ್ತಿಕೊಳ್ಳುತ್ತದೆ.

“ಕಾರ್ಬೋರೇಟರನ್ನೇ ಬದಲಿಸಿಬಿಡಿ”

ನಾನೂ ಬದಲಿಸಿದ್ದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಒಂದಿಡೀ ದಿನ ಅಲೆದು, ಬೇರೆ ಗಾಡಿಯ ಕಾರ್ಬೋರೇಟರ್ ತಂದು, ಅಡಾಪ್ಟರ್ ಕೊರೆಸಿ ಕೂರಿಸಿದೆ. ಬಿಸಿಯಲ್ಲಿ ಹಿಡಿಯತೊಡಗಿತು, ಏರಿನಲ್ಲಿ ಉಸಿರುಗಟ್ಟತೊಡಗಿತು. ಕೊನೆಗೆ ಹಳೆಯ ಕಾರ್ಟರನ್ನು ಮತ್ತೆ ಬಿಚ್ಚಿ, ಹಿತ್ತಾಳೆಯ ಫ್ಲೋಟನ್ನು ಸ್ನಾನದ ಬಿಸಿನೀರಿನ ಚೊಂಬಿನಲ್ಲಿ ಮುಳುಗಿಸಿ ಹಿಡಿದೆ. ಸೂಜಿಮೊನೆಯಷ್ಟು ತೂತಿನಿಂದ ಗುಳ್ಳೆಗಳ ಸಾಲು ಎದ್ದಿತು. ಫ್ಲೋಟಿನೊಳಗೆ ಪೆಟ್ರೋಲ್ ಸೇರಿ ಭಾರವಾಗಿ, ಬಟ್ಟಲಿನ ಮಟ್ಟ ಏರಿ, ಸ್ವಲ್ಪ ಕಾದರೂ ಸಾಕು, ಉಕ್ಕುತ್ತಿತ್ತು. ಒಳಗಿದ್ದ ಪೆಟ್ರೋಲನ್ನೆಲ್ಲ ಬಿಸಿನೀರಿನಲ್ಲೇ ಓಡಿಸಿ, ಬೆಂಕಿಯ ಹತ್ತಿರ ಸುಳಿಯದೆ ಕಾದ ಸೋಲ್ಡರಿಂಗ್ ಕಡ್ಡಿಯಿಂದ ಒಂದು ಹನಿ ಬೆಸುಗೆ ಇಟ್ಟು, ಫ್ಲೋಟಿನ ಮಟ್ಟವನ್ನು ಪುಸ್ತಕದಲ್ಲಿರುವಂತೆ ಅಂಗುಲದ ಎಂಟರಲ್ಲಿ ಮೂರು ಪಾಲಿಗೆ ತಂದೆ. ಜೆ.ಸಿ. ರಸ್ತೆಯ ಕಾರ್ಬೋರೇಟರ್ ಈಗ ಶೆಡ್ಡಿನ ಕಿಟಕಿಯಲ್ಲಿದೆ. ಗಾಳಿಗೆ ಬಾಗಿಲು ಬಡಿಯದಂತೆ ಆಗಾಗ ಅದನ್ನು ಅಡ್ಡ ಇಡುತ್ತೇನೆ.